ಸಾವಕಾಶ

ವೆಲ್ಹೆ ಆಸ್ಪತ್ರೆಯ ಜೀಪು ನನ್ನ ಹೆಸರಿಗೆ ಬಂದ ದಿನ
ಧೋಂಡಿಬಾ ಮರಗಳೆ ಕೀಲಿ ಕೊಡಲಿಲ್ಲ.
‘ಏ ಅಕ್ಕಲಕೋಟ, ಮೊದಲು ಚಪ್ಪಲಿ ಬಿಡು’ ಅಂದ.
ಏರಿನ ಬುಡದಲ್ಲಿ ಜೀಪು ನಿಲ್ಲಿಸಿ
ಬರಿಗಾಲಲ್ಲಿ ನಡೆಸಿದ, ಧನಗರ ವಸ್ತಿಯವರೆಗೆ.
ಇಲ್ಲಿ ಗರಸು ಸಡಿಲ. ಇಲ್ಲಿ ಬಂಡೆಯ ಬೆನ್ನು.
ಇಲ್ಲಿ ಹೋದ ವಾರದ ನೀರು ತನ್ನ ದಾರಿ ಕೊರೆದುಕೊಂಡಿದೆ,
ಅದರ ದಾರಿಗೆ ನೀನು ಹೋಗಬೇಡ.
‘ಕಾಲಿಗೆ ತಿಳಿಯದ್ದು ಗಾಲಿಗೆ ತಿಳಿಯೋದಿಲ್ಲ.’

ಆಮೇಲೆ ಹೆಬ್ಬೆರಳು ತೋರಿಸಿದ,
ಹಳೇ ಮೊಳೆಯ ಹಾಗೆ ಸೊಟ್ಟ.
ಸ್ಟೇರಿಂಗಿನ ಒಳಗೆ ಬೆರಳು ಸುತ್ತಿದ್ದಕ್ಕೆ
ಒಂದು ಕಲ್ಲು ಕೊಟ್ಟ ರಸೀದಿ.
‘ಮೇಲಿಂದ ಹಿಡಿ, ಹಸುಗೂಸಿನ ತಲೆ ಹಿಡಿದ ಹಾಗೆ.’

‘ಗುಡ್ಡಕ್ಕೆ ಅಡ್ಡ ಹೋಗಬೇಡ.
ಎಮ್ಮೆ ಅಡ್ಡ ಹತ್ತುತ್ತೆ ಅಂತೀಯಾ?
ಅದಕ್ಕೆ ನಾಲ್ಕು ಕಾಲಿಗೆ ನಾಲ್ಕು ಬುದ್ಧಿ,
ಜೀಪಿಗೆ ನಿನ್ನದೊಂದೇ.
ಏರಿದರೂ ನೇರ, ಇಳಿದರೂ ನೇರ.
ಇಳಿಯುವಾಗ ಸಣ್ಣ ಗೇರು; ಎಂಜಿನ್ನು ಹಿಡಿದುಕೊಳ್ಳುತ್ತೆ,
ನೀನು ಬ್ರೇಕಿನ ಮೇಲೆ ನಿಂತು ಕುಣೀಬೇಡ.’

ಮತ್ತೆ ಪ್ರತಿ ಮಾತಿನ ಕೊನೆಗೂ, ಬೀಡಿ ಕೊಡವಿದ ಹಾಗೆ,
ಸಾವಕಾಶ.
ಅವನ ಮರಾಠಿಯಲ್ಲೂ ಅದೇ ಮಾತು, ನನ್ನ ಅವ್ವನ ಕನ್ನಡದಲ್ಲೂ ಅದೇ.
ಆದರೆ ಆ ಏರಿನಲ್ಲಿ ನಿಂತು ಕೇಳಿದಾಗ ಮೊದಲ ಸಲ
ಮಾತು ಎರಡಾಗಿ ಒಡೆಯಿತು.
ಮುಂದೆ ಸಾವು,
ಅದರ ಬೆನ್ನಿಗೇ ಅಂಟಿಕೊಂಡು ಅವಕಾಶ.

ಶ್ರಾವಣದ ಒಂದು ಮಂಗಳವಾರ.
ಪಕ್ಕದಲ್ಲಿ ಸಿಸ್ಟರ್ ಕುಂದಾ ರಣಪಿಸೆ,
ತೊಡೆಯ ಮೇಲೆ ಲಸಿಕೆಯ ನೀಲಿ ಪೆಟ್ಟಿಗೆ.
ಎರಡು ಪಾಲು ಏರಿದ್ದೆವು.
ಕಾರವಿ ಗಿಡಗಳು ಕಿಟಕಿ ಕೆರೆದು ಹಿಂದಾದವು,
ಮುಂದಿನ ಗಾಜಿನ ತುಂಬ ಬರೀ ಮೋಡ, ನೆಲವೇ ಇಲ್ಲ.
ಆಗ ಎಂಜಿನ್ನು ಒಮ್ಮೆ ಬಿಕ್ಕಿ
ಸುಮ್ಮನಾಯಿತು.

ಎಷ್ಟು ಸುಮ್ಮನೆ ಅಂದರೆ
ಪೆಟ್ಟಿಗೆಯೊಳಗೆ ಐಸು ಕರಗಿ ಜಾರಿದ್ದು ಕೇಳಿತು.

ಕಾಲಿಗೆ ಅದರದೇ ಹೆದರಿಕೆ ಇರುತ್ತದೆ.
ಅದು ಕ್ಲಚ್ಚಿಗೆ ಓಡಿತು; ಕರೆದು ವಾಪಸು ತಂದೆ.
ಕೈ ಚಕ್ರ ತಿರುಗಿಸಲು ಹೊರಟಿತು,
ತಿರುಗಿ ಓಡಿಹೋಗೋಣ ಅನ್ನುವ ಹಳೆಯ ಆಸೆ.
ಅಡ್ಡವಾದರೆ ಉರುಳುವುದೇ.
ಬ್ರೇಕು, ಒತ್ತಿ. ಒತ್ತಿಯೇ ಇಟ್ಟು,
ಆಮೇಲೆ ಕ್ಲಚ್ಚು, ರಿವರ್ಸು, ಕ್ಲಚ್ಚು ಬಿಟ್ಟು
ಗೇರಿನಲ್ಲೇ ಕೀಲಿ.
ಜೀಪು ಕೆಮ್ಮಿತು. ಹಿಡಿಯಿತು.
ಬೆನ್ನು ಮುಂದಾಗಿ, ನಾನು ನಡೆದು ನೋಡಿದ್ದ ನೆಲದ ಮೇಲೆ,
ಇದು ಬಂಡೆ, ಇದು ಗರಸು, ಇದು ನೀರಿನ ದಾರಿ,
ಇಂಚು ಇಂಚಾಗಿ
ಮರಾಠಿಯೋ ಕನ್ನಡವೋ ಗೊತ್ತಿಲ್ಲ, ಅದೊಂದೇ ಮಾತು ಗೊಣಗುತ್ತ
ಬುಡಕ್ಕೆ ಬಂದೆ.

ಸಿಸ್ಟರ್ ಕಣ್ಣು ತೆರೆದು ‘ಬಂತಾ?’ ಅಂದರು.
‘ಬಂತು. ಹೊರಟಲ್ಲಿಗೇ.’
ಅವರು ನಕ್ಕರು, ಸೀರೆ ಎತ್ತಿ ಸಿಕ್ಕಿಸಿದರು,
ನಾನು ಪೆಟ್ಟಿಗೆ ಹೆಗಲಿಗೇರಿಸಿದೆ.
ಹನ್ನೊಂದು ಮಕ್ಕಳು.
ಸೂಜಿ ಕಂಡ ಹನ್ನೊಂದನೆಯವನು
ಕುರಿದೊಡ್ಡಿಯೊಳಗೆ ಅಡಗಿ ಕೂತು, ಅವನನ್ನು ಹುಡುಕಲು
ಏರು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಲಾಗ್‌ಬುಕ್ಕಿನಲ್ಲಿ ಹೋದ ಕಿಲೋಮೀಟರಿಗೆ ಜಾಗವಿದೆ,
ಸುಟ್ಟ ಡೀಸೆಲ್ಲಿಗೆ ಜಾಗವಿದೆ.
ಹಿಂದಕ್ಕೆ ಬಂದ ಎಂಬತ್ತು ಅಡಿಗೆ ಕಾಲಂ ಇಲ್ಲ.
ಪುಣೆಯ ಗುಮಾಸ್ತ ಅಲ್ಲಿ
ಕೆಂಪು ಶಾಯಿಯ ಪ್ರಶ್ನೆಚಿಹ್ನೆ ಹಾಕಿ ಕಳಿಸಿದ.

ಸಂಜೆ ಎಸ್‌ಟಿ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಧೋಂಡಿಬಾ.
ಊರಿಗೆಲ್ಲ ಸುದ್ದಿ ಮುಟ್ಟಿತ್ತು.
ಅವನು ಕೇಳಿದ್ದು ಒಂದೇ:
‘ನೇರ ಬಂದೆಯಾ?’
‘ನೇರ.’
ತನ್ನ ಚಹಾದ ಅರ್ಧ ಬಸಿಗೆ ಸುರಿದು
ಸೊಟ್ಟ ಹೆಬ್ಬೆರಳಿಂದ, ತುಳುಕದ ಹಾಗೆ,
ನನ್ನ ಕಡೆ ತಳ್ಳಿದ.